ಕಾಲೇಜಿನ ಹೊಸ್ತಿಲಲ್ಲಿ ಸಿದ್ದಿ ತರುಣ

ನಿವೃತ್ತನಾದ ಮೇಲೆ ನಾನು ನೆಲೆಸಿರುವ ಸುಳ್ಳ ಎರೆಹೊಲಗಳ ಊರು. ಇಲ್ಲಿಂದ ಹುಬ್ಬಳ್ಳಿಗೆ ಹೋಗಿ ಕಾರವಾರದ ಹಾದಿ ಹಿಡಿದರೆ, ಕಲಘಟಗಿ ದಾಟುತ್ತಿದ್ದಂತೆ ಕಾಡು ತೊಡಗುತ್ತದೆ. ಆ ಕಾಡಿನ ಅಂಚಿನಲ್ಲಿ, ಅದರಾಚೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಗಳಲ್ಲಿ ಸಿದ್ದಿ ಜನರ ವಾಸ. ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ಗುಲಾಮರನ್ನಾಗಿ ತಂದವರಲ್ಲಿ ಬಿಡುಗಡೆ ಹೊಂದಿದವರೂ ತಪ್ಪಿಸಿಕೊಂಡವರೂ ಘಟ್ಟದ ಕಾಡು ಸೇರಿದರು. ಅವರ ಸಂತತಿ ಇವರೆಂಬುದು ವಿದ್ವಾಂಸರ ಅಭಿಪ್ರಾಯ. ಟಿ. ಸಿ. ಪಾಲಾಕ್ಷಪ್ಪನವರು 1976ರಷ್ಟು ಹಿಂದೆಯೇ ಇವರನ್ನು ಕುರಿತು ಗ್ರಂಥ ಬರೆದರು. ಇಂಥ ಮನೆಯ ಹುಡುಗನೊಬ್ಬ ಕಾಲೇಜಿಗೆ ಬಂದು ನಿಲ್ಲಬೇಕಾದರೆ ಯಾವ ಸಿದ್ಧತೆ ಬೇಕು ಎಂಬುದೇ ನನ್ನ ಇಂದಿನ ವಿಷಯ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. 1990ರ ದಶಕದಲ್ಲಿ ನಾನು ಕನ್ನಡ ಕಲಿಸುತ್ತಿದ್ದ ಕಾಲೇಜಿಗೆ ಒಬ್ಬ ಸಿದ್ದಿ ತರುಣ ಸೇರಿದ. ಎತ್ತರದ ಆಳು, ಮಿತಭಾಷಿ. ಅವನನ್ನು ಕಂಡೊಡನೆ ಅಧ್ಯಾಪಕರಾದ ನಾವು ಕೇಳಿದ್ದು ಒಂದೇ ಪ್ರಶ್ನೆ: ಓಟದ ಸ್ಪರ್ಧೆಗೆ ಹೆಸರು ಕೊಟ್ಟೆಯಾ? 1980ರ ದಶಕದ ಉತ್ತರಾರ್ಧದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಆಯ್ದು ತರಬೇತಿ ಕೊಟ್ಟಿತ್ತು. ಕೆಲವೇ ವರ್ಷಗಳಲ್ಲಿ ಆ ಯೋಜನೆ ನಿಂತುಹೋಯಿತು. ಸಿದ್ದಿ ಎಂದರೆ ಓಟಗಾರ ಎಂಬ ಭಾವನೆ ಮಾತ್ರ ನಿಲ್ಲಲಿಲ್ಲ. ಅವನ ಟಿಪ್ಪಣಿ ಪುಸ್ತಕವನ್ನು ನಾನು ತೆರೆದು ನೋಡಿದ್ದು ಮೂರು ತಿಂಗಳ ತರುವಾಯ. ಪುಟಕ್ಕೆ ನಾಲ್ಕೈದು ಸಾಲು. ಕೊನೆಯದು ಎಲ್ಲ ಕಡೆಯೂ ಅರ್ಧಕ್ಕೇ ಕಡಿದಿತ್ತು. “ನೀವು ಹೇಳೂದು ತಿಳೀತೈತ್ರಿ ಸರ್. ನಾ ಬರಿಯೂದ್ರಾಗ ನೀವು ಮುಂದ ಹೋಗಿರ್ತೀರಿ” ಎಂದ. ದೀಪಾವಳಿಯ ರಜೆಗೆ ಊರಿಗೆ ಹೋದವನು ಮರಳಲಿಲ್ಲ.

ಅವನ ಮಾತನ್ನು ನಾನು ಆಮೇಲೆ ಬಹಳ ಸಲ ನೆನೆದಿದ್ದೇನೆ. ಸಿದ್ದಿಗಳ ಮನೆಮಾತು ಬಹುಮಟ್ಟಿಗೆ ಕೊಂಕಣಿಯ ಒಂದು ಬಗೆ. ಮುಸಲ್ಮಾನ ಸಿದ್ದಿಗಳಲ್ಲಿ ಉರ್ದುವೂ ಉಂಟು. ಹೀಗಾಗಿ ಶಾಲೆಯ ಕನ್ನಡವೇ ಅವರಿಗೆ ಎರಡನೆಯ ಭಾಷೆ. ವಿಜ್ಞಾನ ಹಿಡಿದರಂತೂ ಪಿಯುಸಿಯಲ್ಲಿ ಇಂಗ್ಲಿಷು ಎದುರಾಗುತ್ತದೆ. ಉಪನ್ಯಾಸ ಕೇಳುತ್ತಲೇ ಅದರ ಸಾರವನ್ನಷ್ಟೆ ಬರೆದುಕೊಳ್ಳುವ ಕಲೆ ನಮ್ಮ ಮಕ್ಕಳಿಗೆ ಅಣ್ಣನ, ಅಕ್ಕನ ನೋಟ್ಸು ನೋಡಿ ಬಂದಿರುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವನು ಯಾರ ನೋಟ್ಸು ನೋಡಬೇಕು? ಇದನ್ನು ನಾವು ಬುದ್ಧಿಯ ಕೊರತೆಯೆಂದು ಬಗೆದೆವು.

ಇನ್ನು ಕಾಗದಪತ್ರದ ಮಾತು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ. ಧಾರವಾಡ, ಬೆಳಗಾವಿ ಜಿಲ್ಲೆಗಳವರು 2020ರಲ್ಲಿ. ಅಕ್ಕತಂಗಿಯರ ಮಕ್ಕಳಾದರೂ ಜಿಲ್ಲೆಯ ಗಡಿಯ ಈಚೆಗಿದ್ದವನು ಹದಿನೇಳು ವರ್ಷ ಹೊರಗೇ ಉಳಿದ! ಈಗ ಪ್ರಮಾಣಪತ್ರ ದೊರೆಯುತ್ತದೆ, ನಿಜ. ಆದರೆ ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಇದ್ದರೆ ವಿದ್ಯಾರ್ಥಿವೇತನ ತಡೆಯುತ್ತದೆ. ಹತ್ತನೆಯ ತರಗತಿಯಲ್ಲಿರುವಾಗಲೇ ನಾಡಕಚೇರಿಗೆ ಹೋಗಿ ಜಾತಿ, ಆದಾಯದ ಪತ್ರ ಮಾಡಿಸಿ, ಹೆಸರು ಸರಿಪಡಿಸಿಕೊಳ್ಳಬೇಕು. ವಸತಿನಿಲಯದ ಅರ್ಜಿಯ ಕೊನೆಯ ದಿನಾಂಕವನ್ನೂ ಕೇಳಿಟ್ಟುಕೊಳ್ಳಬೇಕು.

ಎಸ್ಸೆಸ್ಸೆಲ್ಸಿ ಪರೀಕ್ಷೆಗೂ ಪಿಯುಸಿ ತರಗತಿಗೂ ನಡುವಿನ ಎರಡು ತಿಂಗಳು ಇವೆಯಲ್ಲ, ಹುಡುಗರು ಕೈತಪ್ಪುವುದು ಆಗಲೇ. ಅಡಿಕೆ ತೋಟದ ಕೂಲಿಗೋ ಗೋವೆಯ ಕಟ್ಟಡದ ಕೆಲಸಕ್ಕೋ ಹೋದವನ ಕೈಗೆ ನಾಲ್ಕು ಕಾಸು ಬರುತ್ತದೆ. ಮನೆಗೂ ಅದು ಬೇಕಾಗಿರುತ್ತದೆ. ಅಮೆರಿಕೆಯಲ್ಲಿ 1964ರ ಒಂದು ಕಾಯ್ದೆಯಿಂದ ಹುಟ್ಟಿದ ‘ಅಪ್‌ವರ್ಡ್ ಬೌಂಡ್’ ಯೋಜನೆಯು ಬಡ ಮನೆಗಳ, ಅವರಲ್ಲಿ ಅನೇಕ ಕರಿಯ ಮನೆಗಳ ಮಕ್ಕಳನ್ನು ಬೇಸಿಗೆಯಲ್ಲಿ ಕಾಲೇಜಿನ ಆವರಣದಲ್ಲೇ ಇರಿಸಿ ಪಾಠ ಹೇಳುವ ಪದ್ಧತಿಯನ್ನು ತಂದಿತು. ನಮ್ಮ ಕಾಲೇಜುಗಳ ಕೋಣೆಗಳೂ ಆ ಎರಡು ತಿಂಗಳು ಬೀಗ ಹಾಕಿಯೇ ಇರುತ್ತವೆ.

ಕಳೆದ ಬೇಸಿಗೆಯಲ್ಲಿ ಕಲಘಟಗಿ ಕಡೆಯ ಇಬ್ಬರು ಸಿದ್ದಿ ಹುಡುಗರು ನಮ್ಮ ಮನೆಯಲ್ಲಿ ಉಳಿದಿದ್ದರು. ಪಾಠವೆಂದರೆ ಇಷ್ಟೆ: ರೇಡಿಯೋದಲ್ಲಿ ಹತ್ತು ನಿಮಿಷದ ಭಾಷಣ ಹಚ್ಚುವುದು, ಮುಗಿದ ಮೇಲೆ ಐದು ಸಾಲು ಬರೆಯಿಸುವುದು. ಮೊದಲ ವಾರ ಎರಡು ಸಾಲು ಬಂದವು. ಮೂರನೆಯ ವಾರ ಒಬ್ಬ, “ಸರ್, ಇವರು ಒಂದು ಮಾತು ಹೇಳಾಕ ಮರತಾರ ನೋಡ್ರಿ” ಎಂದು ಭಾಷಣಕಾರರ ತಪ್ಪು ಹಿಡಿದ. ಇಬ್ಬರೂ ಈಗ ಹುಬ್ಬಳ್ಳಿಯ ವಸತಿನಿಲಯದಲ್ಲಿದ್ದಾರೆ. ಈ ಭಾಷಣವನ್ನೂ ಕೇಳುತ್ತಿರಬೇಕು. ಭಾನುವಾರ ಐದು ಸಾಲು ಬರೆದು ತರುತ್ತಾರೆ.