ಮುಟ್ಟದೆ ಉಂಡೆ ಕಟ್ಟುವ ಬಲ

ಮಕ್ಕಳೇ, ರೊಟ್ಟಿ ಹಿಟ್ಟನ್ನು ಉಂಡೆ ಮಾಡಲು ಕೈ ಬೇಕು. ಚಂದ್ರನನ್ನು ಉಂಡೆ ಕಟ್ಟಿದ ಕೈ ಯಾವುದು?

ಅದು ಗುರುತ್ವ ಬಲ. ಮುಟ್ಟದೆಯೇ ಎಳೆಯುವುದರಿಂದ ಇದು ಸಂಪರ್ಕರಹಿತ ಬಲ. ಚಂದ್ರನ ಪ್ರತಿಯೊಂದು ಭಾಗವನ್ನೂ ಅದು ಕೇಂದ್ರದ ಕಡೆಗೆ ಎಳೆಯುತ್ತದೆ. ಮರಳನ್ನು ಗುಡ್ಡೆ ಹಾಕಿ ನೋಡಿ. ಎತ್ತರ ಏರಿದಂತೆ ಮರಳು ಕೆಳಗೆ ಜಾರುತ್ತದೆ ಅಲ್ವಾ? ದೊಡ್ಡ ಆಕಾಶಕಾಯಗಳಲ್ಲಿ ಬಂಡೆಯೂ ಹಾಗೇ, ತೀರಾ ಎತ್ತರವಾದರೆ ತನ್ನ ಭಾರಕ್ಕೇ ಕುಸಿಯುತ್ತದೆ. ಎಲ್ಲ ಕಡೆಯೂ ಹೀಗಾದಾಗ ಉಳಿಯುವ ಆಕಾರ ಗೋಳ.

ಚಂದ್ರನ ವ್ಯಾಸ 3,474 ಕಿ.ಮೀ. ಸುಮಾರು 940 ಕಿ.ಮೀ. ವ್ಯಾಸದ ಕುಬ್ಜ ಗ್ರಹ ಸಿರಿಸ್ ಕೂಡ ದುಂಡಗಿದೆ. ಆದರೆ ಮಂಗಳನ ಉಪಗ್ರಹ ಫೋಬೋಸ್ ಬರೀ 22 ಕಿ.ಮೀ.ಯಷ್ಟು. ಕಲ್ಲನ್ನು ಕುಸಿಯುವಂತೆ ಮಾಡಲು ಅದರ ಗುರುತ್ವ ಸಾಲದು. ಅದಕ್ಕೇ ಅದು ಆಲೂಗಡ್ಡೆಯ ಹಾಗಿದೆ.

ಈಗ ನೀವೇ ಹೇಳಿ: ಅಂಗಳದ ಕಲ್ಲು ತಾನಾಗಿ ಯಾಕೆ ದುಂಡಗಾಗೋದಿಲ್ಲ?