ಅಲ್‌ಜೈಮರ್ ಕಾಯಿಲೆ: ಮಿದುಳಿನಲ್ಲಿ ಪ್ರೋಟೀನು ಶೇಖರವಾಗುವ ಬಗೆ

ಠಾಣೆ, ಡೊಂಬಿವಲಿ, ಕಲ್ಯಾಣ ಹಾಗೂ ನವಿ ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ, ದಶಕಗಳ ಕಾಲ ಲೋಕಲ್ ರೈಲಿನಲ್ಲಿ ದಿನವೂ ಸಂಚರಿಸಿ ಈಗ ನಿವೃತ್ತರಾಗಿರುವ ಹಿರಿಯರು ಅನೇಕರಿದ್ದಾರೆ. ಅಂಥವರೊಬ್ಬರು ಚಿರಪರಿಚಿತ ನಿಲ್ದಾಣದಲ್ಲಿಳಿದು ಮನೆಯ ದಾರಿ ತೋಚದೆ ನಿಂತರೆ, ಅದನ್ನು ಅರಳುಮರಳೆಂದು ತಳ್ಳಿಹಾಕುವುದು ರೂಢಿ. ಹೆಸರೊಂದು ಕ್ಷಣಕಾಲ ನೆನಪಿಗೆ ಬಾರದಿರುವುದು ವಯೋಸಹಜ. ಬಲ್ಲ ದಾರಿಯೇ ತಪ್ಪುವುದು ಸಹಜವಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದರ ಅಂದಾಜಿನಂತೆ, ಭಾರತದಲ್ಲಿ 60 ವರ್ಷ ತುಂಬಿದವರ ಪೈಕಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ ಡಿಮೆನ್ಷಿಯಾ ಎಂಬ ಸ್ಮೃತಿಭ್ರಂಶಕ್ಕೆ ಒಳಗಾಗಿದ್ದಾರೆ. ಇದರ ಪ್ರಮುಖ ಕಾರಣಗಳಲ್ಲಿ ಅಲ್‌ಜೈಮರ್ ಕಾಯಿಲೆಯೂ ಒಂದು.

ರೋಗದ ಗುರುತುಗಳು

1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಅಲ್‌ಜೈಮರ್ ಅವರು ಮೃತ ರೋಗಿಯೊಬ್ಬಳ ಮಿದುಳನ್ನು ಪರೀಕ್ಷಿಸಿ ಎರಡು ವಿಕಾರಗಳನ್ನು ವರದಿ ಮಾಡಿದರು. ಒಂದು, ನರಕೋಶಗಳ ಹೊರಗೆ ಮಡುಗಟ್ಟಿದ ಶೇಖರಗಳು. ಇನ್ನೊಂದು, ಕೋಶಗಳೊಳಗೆ ಸಿಕ್ಕುಗಟ್ಟಿದ ಎಳೆಗಳು. ಇವೆರಡೂ ಪ್ರೋಟೀನುಗಳೆಂಬುದು ಈಗ ಸಿದ್ಧಪಟ್ಟಿದೆ.

ಹೊರಗಿನ ಶೇಖರ

ನರಕೋಶದ ಹೊರಪೊರೆಯಲ್ಲಿ ಅಮೈಲಾಯ್ಡ್ ಪೂರ್ವಗಾಮಿ ಎಂಬ ಉದ್ದನೆಯ ಪ್ರೋಟೀನು ಇರುತ್ತದೆ. ಬೀಟಾ ಮತ್ತು ಗ್ಯಾಮಾ ಸಿಕ್ರಿಟೇಸ್ ಎಂಬ ಕಿಣ್ವಗಳು ಒಂದಾದ ಮೇಲೊಂದು ಇದನ್ನು ಕತ್ತರಿಸಿದಾಗ ಬೀಟಾ ಅಮೈಲಾಯ್ಡ್ ಎಂಬ ತುಣುಕು ಬಿಡುಗಡೆಯಾಗುತ್ತದೆ. ಹೆಚ್ಚಿನ ತುಣುಕುಗಳಲ್ಲಿ 40 ಅಮೈನೋ ಆಮ್ಲಗಳಿದ್ದರೆ ಕೆಲವುಗಳಲ್ಲಿ 42 ಇರುತ್ತವೆ. ಈ ಎರಡರ ಹೆಚ್ಚಳವೇ ಅನರ್ಥಕ್ಕೆ ಮೂಲ. 42ರ ತುಣುಕು ಹೆಚ್ಚು ಅಂಟುಗುಣವುಳ್ಳದ್ದು. ಇಂಥವು ಪರಸ್ಪರ ಕೂಡಿಕೊಂಡು ಮೊದಲು ಚಿಕ್ಕ ಗುಂಪುಗಳಾಗಿ, ಬಳಿಕ ನಾರುಗಳಾಗಿ, ಕೊನೆಗೆ ಗಟ್ಟಿ ಶೇಖರಗಳಾಗುತ್ತವೆ. ನರಕೋಶಗಳ ಪರಸ್ಪರ ಸಂಪರ್ಕಕ್ಕೆ ಚಿಕ್ಕ ಗುಂಪುಗಳೇ ಹೆಚ್ಚು ಹಾನಿಕರವೆಂದು ಅನೇಕ ವಿಜ್ಞಾನಿಗಳ ಅಭಿಪ್ರಾಯ.

ಒಳಗಿನ ಸಿಕ್ಕು

ನರಕೋಶದೊಳಗೆ ಪೋಷಕ ವಸ್ತುಗಳನ್ನು ಸಾಗಿಸಲು ಅತಿ ಸೂಕ್ಷ್ಮ ನಾಳಗಳಿವೆ. ಇವನ್ನು ರೈಲು ಹಳಿಗೆ ಹೋಲಿಸಿದರೆ, ಟೌ ಎಂಬ ಪ್ರೋಟೀನು ಹಳಿಗಳನ್ನು ಹಿಡಿದಿಡುವ ಸ್ಲೀಪರಿನಂತೆ. ಟೌಗೆ ಫಾಸ್ಫೇಟು ಅತಿಯಾಗಿ ಸೇರಿದಾಗ ಅದು ಕಳಚಿಕೊಂಡು ತನ್ನಲ್ಲೇ ಹೆಣೆದುಕೊಳ್ಳುತ್ತದೆ. ಆಗ ಸಾಗಾಟ ಕುಂಠಿತವಾಗಿ ಕೋಶವು ಕ್ರಮೇಣ ನಶಿಸುತ್ತದೆ.

ಆರೋಗ್ಯವಂತರಲ್ಲಿಯೂ ಬೀಟಾ ಅಮೈಲಾಯ್ಡ್ ಉತ್ಪತ್ತಿಯಾಗುತ್ತದೆ. ಆದರೆ ಮಿದುಳು ಅದನ್ನು ಹೊರಹಾಕುತ್ತಿರುತ್ತದೆ. ವಯಸ್ಸಾದಂತೆ ಈ ಶುದ್ಧೀಕರಣ ಕುಗ್ಗುತ್ತದೆ. ಅಪೋ-ಇ4 ಎಂಬ ವಂಶವಾಹಿ ಉಳ್ಳವರಲ್ಲಿ ಅದು ಮತ್ತಷ್ಟು ಮಂದ. ಶೇಖರಣೆಯು ಮರೆವು ಕಾಣಿಸುವುದಕ್ಕೆ 15-20 ವರ್ಷ ಮೊದಲೇ ಆರಂಭವಾಗಿರಬಹುದು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಹಾಗೂ ಪೊವಾಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಗಳಲ್ಲಿ ಇಂಥ ಪ್ರೋಟೀನು ಶೇಖರಣೆಯ ಬಗ್ಗೆ ಸಂಶೋಧನೆ ನಡೆದಿದೆ.

ಕುಟುಂಬದವರು ಮಾಡಬೇಕಾದುದು

ಅಮೈಲಾಯ್ಡನ್ನು ತೆರವುಗೊಳಿಸುವ ಲೆಕಾನೆಮ್ಯಾಬ್ ಮತ್ತು ಡೊನಾನೆಮ್ಯಾಬ್ ಔಷಧಿಗಳಿಗೆ ಅಮೆರಿಕದಲ್ಲಿ ಕ್ರಮವಾಗಿ 2023 ಹಾಗೂ 2024ರಲ್ಲಿ ಪೂರ್ಣ ಮಂಜೂರಾತಿ ದೊರೆಯಿತು. ಇವು ಆರಂಭಿಕ ಹಂತದಲ್ಲಿ ರೋಗದ ಗತಿಯನ್ನು ತುಸು ತಗ್ಗಿಸುತ್ತವೆಯೇ ಹೊರತು ಗುಣಪಡಿಸುವುದಿಲ್ಲ. ಮಿದುಳಿನಲ್ಲಿ ಊತ, ರಕ್ತಸ್ರಾವಗಳ ಅಪಾಯವೂ ಉಂಟು.

ಮರೆವೆಲ್ಲವೂ ಅಲ್‌ಜೈಮರ್ ಅಲ್ಲ. ಥೈರಾಯ್ಡ್ ದೋಷ, ಬಿ-12 ಜೀವಸತ್ತ್ವದ ಕೊರತೆ, ಖಿನ್ನತೆಗಳಿಂದಲೂ ಮರೆವು ಬರಬಹುದು, ಇವಕ್ಕೆ ಚಿಕಿತ್ಸೆಯಿದೆ. ಆದುದರಿಂದ ತಡಮಾಡದೆ ವೈದ್ಯರಲ್ಲಿ ತೋರಿಸುವುದು ಅವಶ್ಯ. ರಕ್ತದೊತ್ತಡ ಮತ್ತು ಮಧುಮೇಹಗಳ ಹತೋಟಿ, ವ್ಯಾಯಾಮ, ಸಾಕಷ್ಟು ನಿದ್ರೆ, ಜನರೊಡನೆ ಒಡನಾಟ ಹಿತಕರ. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567 ಅನ್ನು ಸಂಪರ್ಕಿಸಬಹುದು.

ದಾರಿ ತಪ್ಪುವ ಹಿರಿಯರ ಜೇಬಿನಲ್ಲಿ ಮನೆಯ ವಿಳಾಸ ಮತ್ತು ದೂರವಾಣಿ ಸಂಖ್ಯೆಯ ಚೀಟಿ ಇರಲಿ. ಮರೆವು ಅವರ ತಪ್ಪಲ್ಲ. ಗದರಿಕೆಯಿಂದ ನೆನಪು ಮರಳುವುದೂ ಇಲ್ಲ.