ತೋಟದ ಅಳತೆಯ ಊಟ

‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ಶಾಲೆಯಲ್ಲಿ ವಿಸ್ತರಿಸಿ ಬರೆಯದವರು ನಮ್ಮಲ್ಲಿ ವಿರಳ. ಪೇಟೆಯಲ್ಲಿ ಬಾಳುವ ನಮಗಾದರೋ ಕೆಸರು ಒಂದು ಊರಿನಲ್ಲಿ, ಮೊಸರು ಇನ್ನೊಂದು ಊರಿನಲ್ಲಿ. ಎರಡನ್ನೂ ಒಂದೇ ಅಂಗಳದಲ್ಲಿ ಕಾಣುವ ಯೋಗ ನನಗೊದಗಿದ್ದು ಕಳೆದ ಆಷಾಢದಲ್ಲಿ, ಶಿರಸಿಯಿಂದ ಸಿದ್ದಾಪುರದ ಮಾರ್ಗವಾಗಿ ಜೋಗಕ್ಕೆ ಹೊರಟಾಗ.

ಮಳೆಗೆ ಮರವೊಂದು ರಸ್ತೆಗೆ ಅಡ್ಡ ಬಿದ್ದಿತ್ತು. ಸಮೀಪದಲ್ಲೇ ‘ವಸತಿ ಉಂಟು, ಮನೆಯ ತೋಟದ ಊಟ’ ಎಂಬ ಫಲಕ. ಇಂಥ ಫಲಕಗಳಲ್ಲಿ ನನಗೆ ಅಷ್ಟಾಗಿ ನಂಬಿಕೆಯಿಲ್ಲ. ಬೇರೆ ದಾರಿಯಿಲ್ಲದೆ ಒಳಹೊಕ್ಕೆ. ನಾಲ್ಕು ಕೋಣೆಗಳ ಹೆಂಚಿನ ಮನೆ, ಹಿಂದೆ ಕೊಟ್ಟಿಗೆ, ಕೆಳಗೆ ಅಡಿಕೆ ತೋಟ.

“ರಾತ್ರಿಗೆ ಏನಿದೆ?” ಎಂದೆ. “ಆಲೂಗಡ್ಡೆ ಇಲ್ಲ, ಹೂಕೋಸು ಇಲ್ಲ. ಇದ್ದದ್ದನ್ನು ಬಡಿಸುತ್ತೇವೆ” ಎಂದರು ಯಜಮಾನರು. ಇದ್ದದ್ದೆಂದರೆ ಅಪ್ಪೆಹುಳಿ, ಒಂದೆಲಗದ ತಂಬುಳಿ, ಕಳಲೆಯ ಪಲ್ಯ, ಗದ್ದೆಯ ಅಕ್ಕಿಯ ಅನ್ನ, ಮಜ್ಜಿಗೆ. ಬೆಳಿಗ್ಗೆ ತೆಳ್ಳೇವು, ಜೋನಿಬೆಲ್ಲ.

ಮಳೆಗಾಲದಲ್ಲಿ ಇಷ್ಟೆಲ್ಲ ಹೇಗೆಂದು ಕೇಳಿದಾಗ ಮನೆಯಾಕೆ ಅಡುಗೆಮನೆಯನ್ನೇ ತೋರಿಸಿದರು. ಬೇಸಿಗೆಯ ಮೊದಲಲ್ಲಿ ಕೊಯ್ದ ಅಪ್ಪೆಮಿಡಿ ಭರಣಿಯ ಉಪ್ಪುನೀರಿನಲ್ಲಿತ್ತು. ಪಕ್ಕದ ಭರಣಿಯಲ್ಲಿ ಹಲಸಿನ ತೊಳೆ. ಬಾಳೆಯ ನಾರಿನಲ್ಲಿ ಕಟ್ಟಿದ ಮೊಗೆಕಾಯಿಗಳು ಜಂತಿಯಿಂದ ಜೋತಾಡುತ್ತಿದ್ದವು. ಎಳೆಬಿದಿರಿನ ಕಳಲೆಯಲ್ಲಿ ವಿಷದ ಅಂಶವಿರುವುದರಿಂದ ಅದನ್ನು ಹೆಚ್ಚಿ, ನೀರು ಬದಲಿಸುತ್ತ ಕೆಲವು ದಿನ ನೆನೆಸಿ, ಬೇಯಿಸಿಯೇ ಬಳಸಬೇಕು. ಕೆಸುವಿನ ತುರಿಕೆಗೆ ಹುಣಿಸೆಹುಳಿ ಮದ್ದು. ಉಪ್ಪು, ತೊಗರಿಬೇಳೆ, ಸಕ್ಕರೆ ಮಾತ್ರ ಪೇಟೆಯವೆಂದು ಆಕೆ ತಾವಾಗಿಯೇ ಹೇಳಿದರು. ಆ ಒಂದು ಮಾತಿನಿಂದ ಹೊರಗಿನ ಫಲಕದ ಮೇಲೂ ನನಗೆ ನಂಬಿಕೆ ಬಂತು.

ಈ ಅಡುಗೆಮನೆಯ ಬೇರು ಇನ್ನೂ ಮೇಲೆ, ಸೊಪ್ಪಿನ ಬೆಟ್ಟದಲ್ಲಿದೆ. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೂ ಬೆಟ್ಟವನ್ನು ಬಿಟ್ಟುಕೊಡುವ ಏರ್ಪಾಟು ಬ್ರಿಟಿಷರ ಆಡಳಿತದಿಂದ ಬಂದದ್ದು. ಬೆಟ್ಟದ ಸೊಪ್ಪು, ತರಗೆಲೆ ಕೊಟ್ಟಿಗೆಯಲ್ಲಿ ಆಕಳಿಗೆ ಹಾಸಿಗೆಯಾಗುತ್ತವೆ. ಸಗಣಿಯೊಡನೆ ಕೊಳೆತು ಗೊಬ್ಬರವಾಗಿ ತೋಟಕ್ಕಿಳಿಯುತ್ತವೆ. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬುತ್ತದೆ, ನಡುವೆ ಬಾಳೆ, ಏಲಕ್ಕಿ. ಬಾಳೆಯ ದಿಂಡು, ಸಿಪ್ಪೆ ಮತ್ತೆ ಆಕಳಿಗೆ.

ಹಾಗಾದರೆ ಇಷ್ಟುಳ್ಳವರಿಗೆ ವಸತಿಗೃಹದ ಉಸಾಬರಿ ಏಕೆ? ಅಡಿಕೆಯ ಹಣ ವರ್ಷಕ್ಕೊಮ್ಮೆ ಬರುವಂಥದು. ಮಳೆ ಬಿಡದೆ ಹೊಯ್ದರೆ ಕೊಳೆರೋಗ ತಗುಲಿ ಎಳೆಗಾಯಿ ಉದುರುತ್ತದೆ. ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣ ಸಿಂಪಡಿಸೋಣವೆಂದರೆ ಮರವೇರುವ ಆಳು ಸಿಗುವುದು ಕಷ್ಟ. ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗದ ಕಾಟ ಬೇರೆ. ಎರಡು ವರ್ಷದ ಹಿಂದೆ ಆ ಮನೆಯವರ ಫಸಲು ಅರ್ಧಕ್ಕರ್ಧ ಹೋಗಿತ್ತಂತೆ. ಆ ಸಲ ಮಗಳ ಕಾಲೇಜಿನ ಶುಲ್ಕ ಕಟ್ಟಿದ್ದು ಈ ನಾಲ್ಕು ಕೋಣೆಗಳ ಬಾಡಿಗೆ.

ನನಗೆ ಉತ್ಸಾಹ ಉಕ್ಕಿತು. ನಮ್ಮ ಸಾಹಿತ್ಯಸಂಘದ 40 ಮಂದಿಯನ್ನು ದಸರೆಗೆ ಕರೆತರುವೆನೆಂದೆ, ದೊಡ್ಡ ಉಪಕಾರ ಮಾಡುವವನಂತೆ. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದರು.

“ನಲವತ್ತು ಜನರಿಗೆ ಅನ್ನ ಹಾಕಲಾರದೆ ಏನಿಲ್ಲ. ಆದರೆ ತರಕಾರಿ ಶಿರಸಿಯಿಂದ ಬರಬೇಕು, ಹಾಲು ಪ್ಯಾಕೆಟ್ಟಿನಲ್ಲಿ ಬರಬೇಕು. ಆಮೇಲೆ ಆ ಫಲಕ ತೆಗೆಯಬೇಕಾಗುತ್ತದೆ. ಕರೆಯುವ ಆಕಳು ಎರಡೇ ಇರುವುದು ನೋಡಿ” ಎಂದರು.

ದುಡ್ಡಿನ ಅಗತ್ಯವನ್ನು ಅದೇ ಆಗ ಹೇಳಿಕೊಂಡವರ ಮಾತು ಇದು. ನಾವು ಹೋದಲ್ಲೆಲ್ಲ ನಮ್ಮ ಹಸಿವಿನ ಅಳತೆಗೆ ಊರನ್ನು ಹಿಗ್ಗಿಸಲು ನೋಡುತ್ತೇವೆ. ತೋಟಕ್ಕೆ ತನ್ನದೇ ಆದ ಅಳತೆಯುಂಟು. ಅದನ್ನು ಮೀರಿದ ದಿನ ಆ ಮನೆ ರಸ್ತೆಬದಿಯ ಮತ್ತೊಂದು ಹೋಟೆಲಾಗುತ್ತದೆ.

ಸಂಘದಲ್ಲಿ ವಿಷಯ ಇಟ್ಟೆ. ಎಂಟೆಂಟು ಮಂದಿಯಂತೆ ಐದು ಸಲ ಹೋಗುವುದೆಂದು ತೀರ್ಮಾನವಾಯಿತು. ಚೀಟಿ ಎತ್ತಿದಾಗ ನನ್ನ ಹೆಸರು ಬಂದದ್ದು ಐದನೆಯ ತಂಡದಲ್ಲಿ.